ಇನ್ನೊಂದು ಕೈ
ಸಲೂನಿನ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಮೇಷ್ಟ್ರ ಕಿವಿಗೆ ಹಿಂದಿನ ಬೆಂಚಿನ ಜಗಳ ಬಿತ್ತು.

“ಏನ್ ಮೇಸ್ತ್ರಿ, ತಾರಸಿ ರಿಪೇರಿ ಆಯ್ತು ಅಂದ್ರಿ. ಊರಿಂದ ಬಂದು ನೋಡಿದ್ರೆ ಮಂಚದ ಮೇಲೇ ಸೋರ್ತಿದೆ!”

“ಸಾಧ್ಯವೇ ಇಲ್ಲ ಸಾರ್. ನೀರು ಕಟ್ಟಿ ನಿಲ್ಲಿಸಿ ನೋಡಿದೀನಿ, ಒಂದು ಹನಿ ಇಳೀಲಿಲ್ಲ.”

“ಮನೆಗೆ ಬೀಗ ಹಾಕಿತ್ತಲ್ಲ, ಮೇಲಕ್ಕೆ ಹೇಗೆ ಹತ್ತಿದ್ರಿ?”

“ಹೊರಗಿನ ಮೆಟ್ಟಿಲಿಂದ.”

“ನಮ್ಮನೆಗೆ ಹೊರಗೆ ಮೆಟ್ಟಿಲೇ ಇಲ್ಲ ಕಣ್ರೀ! ಅದು ಪಕ್ಕದ ಮೇಷ್ಟ್ರ ಮನೆ!”

“ಅಯ್ಯಯ್ಯೋ! ಮತ್ತೆ ಆ ಯಜಮಾನ್ರು ಟೀ ಕೊಟ್ಟು, ‘ಆ ಮೂಲೆಗೂ ಇನ್ನೊಂದು ಕೈ ಬಳಿಯಪ್ಪ’ ಅಂದ್ರಲ್ಲ!”

ಮನೆಯವನಿಗೆ ಸಿಟ್ಟು ಹೋಗಿ ನಗು ಬಂತು. “ನಡೀರಿ, ಮೊದಲು ಅವರನ್ನೇ ವಿಚಾರಿಸೋಣ.”

ಇಬ್ಬರೂ ಎದ್ದು ಹೋದರು.

ಕ್ಷೌರಿಕ ಕತ್ತಿ ಎತ್ತಿದ. ಮೇಷ್ಟ್ರು ತುಟಿ ಅಲುಗಿಸದೆ ಹೇಳಿದರು: “ಅವಸರ ಬೇಡಪ್ಪ. ಇನ್ನೊಂದು ಕೈ ಬಳಿ.”