ಫರ್ನೇಸಿನ ಆಯುಧಪೂಜೆ

“ಕತ್ತೆ ಕಾಯೋಕೂ ಲಾಯಕ್ಕಿಲ್ಲ ನೀನು!”

ಜಯನಗರದ ಬಸ್‌ಸ್ಟಾಪಿನಲ್ಲಿ ಎಲ್ಲರೆದುರೇ ಸೂಪರ್‌ವೈಸರ್ ಗುರುಬಸಪ್ಪ ಹೀಗೆ ಬೈದಾಗ ಫರ್ನೇಸ್ ಕೆಲಸದ ಮಾರಯ್ಯನ ಮುಖ ಕೆಂಪಾಯಿತು. ಹಿಂದೆ ಬಸ್ಸಿಗೆ ಕಾಯುತ್ತಿದ್ದ ಪಾರ್ವತಮ್ಮ ಎಂಬಾಕೆ ಕಿವಿಗೊಟ್ಟಳು.

“ಟರ್ಬೈನ್ ಬ್ಲೇಡೆಲ್ಲಾ ಹಾಳಾಯ್ತು. ನಾಳೆ ಸಾಹೇಬ್ರು ನಿನ್ನ ಮನೇಗ್ ಕಳಿಸ್ತಾರೆ.”

“ಹಳೇ ನಿಕ್ಕಲ್ ಮಿಶ್ರಣ ಅಷ್ಟು ಹೊತ್ತು ಕಾಯಿಸಿದ್ರೂ ತಡೀತಿತ್ತಲ್ಲ ಸಾರ್?”

“ಇದಕ್ಕೆ ಟೈಟಾನಿಯಂ ಜಾಸ್ತಿ ಹಾಕಿದೀವಿ ಕಣೋ. ಅದ್ರಿಂದ ಲೋಹದೊಳಗೆ ಹುಟ್ಟೋ ಕಣ ಸಣ್ಣಗಿದ್ರೇನೇ ಗಟ್ಟಿ. ಹೊತ್ತು ಮೀರಿ ಕಾಯಿಸಿದ್ರೆ ಕಣ ದಪ್ಪ ಆಗಿ ಬಲಾನೇ ಹೋಗುತ್ತೆ. ಹೊತ್ತಿಗ್ ಸರಿಯಾಗಿ ಯಾಕ್ ಇಳಿಸ್ಲಿಲ್ಲ?”

“ಇಳಿಸೋಕ್ ಹೋದೆ. ‘ಇವತ್ತು ಆಯುಧಪೂಜೆ, ಫರ್ನೇಸಿಗೆ ಹಾರ ಹಾಕಿದೀವಿ, ಆರತಿ ಆಗೋವರ್ಗೂ ಬಾಗ್ಲು ಮುಟ್ಬೇಡ’ ಅಂದ್ರಲ್ಲ ನೀವು.”

ಗುರುಬಸಪ್ಪ ಬಸ್ಸು ಬರುವ ದಾರಿಯತ್ತ ತಿರುಗಿದ.

“ಅದನ್ನ ನಾಳೆ ಸಾಹೇಬ್ರ ಮುಂದೆ ಹೇಳ್ತೀರಾ ಸಾರ್?”

ಗುರುಬಸಪ್ಪ ಟಿಫನ್ ಕ್ಯಾರಿಯರ್ ಎತ್ತಿಕೊಂಡು, ಬರುತ್ತಿದ್ದ ಬಸ್ಸನ್ನೂ ಬಿಟ್ಟು, ನಡೆದೇಬಿಟ್ಟ.