ಮೊಳೆಯಿಂದ ಇಳಿಸಿದ ಬಿಲ್ಲೆ

ಹಾವೇರಿಯಿಂದ ಬ್ಯಾಡಗಿಗೆ ಹೊರಟ ಬಸ್ಸಿನಲ್ಲಿ ಐನೂರು ಜನರಿದ್ದರು. ಆದರೂ ಐರಣಿಯ ಹೊಳೆಯ ಸದ್ದನ್ನು ಮನೆಯಲ್ಲೇ ಕುಳಿತು ಕೇಳುವ ನನ್ನ ಕಿವಿಗೆ ಮುಂದಿನ ಸೀಟಿನ ಅಕ್ಕ-ತಮ್ಮನ ಮಾತು ತಪ್ಪಲಿಲ್ಲ.

"ಮೈಲೇಶ, ಮುಚ್ಚಿದ ತಾಮ್ರದ ಗಣಿಗೆ ಹೋಗಿದ್ದೆ. ಹಾಜರಿ ಹಲಗಿ ಮ್ಯಾಲ ಅಪ್ಪನ ಬಿಲ್ಲೆ ಇಲ್ಲ."

"ನಾನ ತಗದೇನಿ, ಜಯಕ್ಕ. ಅಲ್ಲಿ ಉಳದದ್ದು ಬರೇ ಮುರಕ ಗ್ವಾಡಿ. ಹೋಟೆಲಿನವರು ಚಂದ ಕಾಣಲಿ ಅಂತ ತಮ್ಮ ಗ್ವಾಡಿಗೆ ಹಾಕ್ತೀವಿ ಅಂದ್ರು, ಕೊಟ್ಟೆ."

"ಗಣಿಗೆ ಇಳಿಯೋವಾಗ ಬಿಲ್ಲೆ ಮೊಳಿಗೆ ಹಾಕೋದು, ಮ್ಯಾಲ ಬಂದಾಂವ ತಾನ ತಗಿಯೋದು. ನಲವತ್ತು ವರ್ಷ ಅದನ್ನ ಕಳ್ಳರೂ ಮುಟ್ಟಲಿಲ್ಲ."

"ಗಣಿ ಕುಸಿದು ಒಳಗ ಉಳದ ಅಪ್ಪ ಈಗ ಬರ್ತಾನೇನು?"

"ಬಿಲ್ಲೆ ಇಳಿಸೀಯಲ್ಲ, ಅಂದ್ರ ಬಂದಾನ. ಎಲ್ಲಿದಾನ ತೋರ್ಸು."

ಬಸ್ಸಿನ ಎಂಜಿನ್ನೂ ಉಸಿರು ಹಿಡಿಯಿತೆಂದು ಆಣೆ ಮಾಡಿ ಹೇಳುತ್ತೇನೆ. ಮೋಟೆಬೆನ್ನೂರಿನಲ್ಲಿ ಇಬ್ಬರೂ ಇಳಿದರು. ಅಕ್ಕ ಮುಂದಿನ ಬಾಗಿಲಿನಿಂದ, ತಮ್ಮ ಹಿಂದಿನದರಿಂದ.