ಮರಳಿನ ಮೇಲೆ ಹರಿಗೋಲು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆ ಹಿಡಿಯಿರಿ. ಯಾವ ಸೀಮೆ ಅಂತ ಕೇಳಬೇಡಿ, ಅಲ್ಲೊಂದು ಹೊಳೆ. ದಾಟಿಸಲು ಅರಮನೆಯದೊಂದು ಹರಿಗೋಲು. ದುಂಡನೆಯ ಬುಟ್ಟಿಗೆ ಚರ್ಮ ಹೊದಿಸಿದ ದೋಣಿ ಅದು. ಹುಟ್ಟು ಹಾಕಲು ಬಾರದವನು ಕೂತರೆ ಗಿರಗಿರ ತಿರುಗುತ್ತದೆ.

ದುರುಗವ್ವನಿಗೆ ಬರುತ್ತಿತ್ತು. ಅಂಬಿಗನಾಗಿದ್ದ ಗಂಡ ತೀರಿಕೊಂಡಿದ್ದ. ಅರಮನೆಯ ಅಪ್ಪಣೆಯಿಲ್ಲದೆ ಯಾರೂ ಹೊಳೆ ದಾಟಿಸುವಂತಿಲ್ಲ. ಕೆಲಸ ಸಿಕ್ಕರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೋಗಿ ಕೇಳಿದಳು.

ಮೊದಲ ವರ್ಷ ಜೋಯಿಸರು ಜಾತಕ ನೋಡಿ ಒಬ್ಬನನ್ನು ಆರಿಸಿದರು. ನಲವತ್ತು ಚೀಲ ಮೆಣಸಿನಕಾಯಿ ಹೊಳೆ ಪಾಲು. ಎರಡನೆಯ ವರ್ಷ ಶಾನುಭೋಗರು ಯಾರ ಕಡೆಯವನೆಂದು ಕೇಳಿ ಆರಿಸಿದರು. ಎಂಟುನೂರು ಅಚ್ಚು ಬೆಲ್ಲ ಹೊಳೆ ಪಾಲು. ಮೂರನೆಯ ವರ್ಷ ಮಂತ್ರಿಗಳು ಮೀಸೆ ನೋಡಿ ಆರಿಸಿದರು. ಮದುವೆ ದಿಬ್ಬಣ ಮೂರು ಹರಿದಾರಿ ಕೆಳಗೆ, ಬೇರೆ ದೊರೆಯ ರಾಜ್ಯದಲ್ಲಿ ಇಳಿಯಿತು.

ನಾಲ್ಕನೆಯ ವರ್ಷ ದುರುಗವ್ವ ದೊರೆಯ ಮುಂದೆಯೇ ನಿಂತಳು.

"ಬುದ್ದೀ, ಹರಿಗೋಲಲ್ಲಿ ತುಂಬಿದ ಮಡಕೆ ಮಜ್ಜಿಗೆ ಇಟ್ಟು, ಕೆಲಸ ಕೇಳಿದವರ ಕೈಲಿ ಹೊಳೆ ದಾಟಿಸಿ ನೋಡಿ. ಚೆಲ್ಲದವರಿಗೆ ಕೆಲಸ. ಖರ್ಚು ಒಂದು ಮಡಕೆ ಮಜ್ಜಿಗೆ. ಅದನ್ನೂ ಆಮೇಲೆ ಕುಡೀಬಹುದು!"

ದೊರೆ ಒಪ್ಪಿದ. ಈಗ ಕೇಳಿ. ಜೋಯಿಸರು, ಶಾನುಭೋಗರು, ಮಂತ್ರಿಗಳು ಮೂವರೂ ಸೇರಿ ಹರಿಗೋಲನ್ನು ತಂದು ಮರಳಿನ ಮೇಲಿಟ್ಟರು.

"ನೀರಲ್ಲಿ ಅಲ್ವಾ?" ಎಂದಳು ದುರುಗವ್ವ.

"ನೀರಲ್ಲಿ ಇಟ್ಟರೆ ಹುಟ್ಟು ಹಾಕೋಕೆ ಬಾರದವರಿಗೆ ಅನ್ಯಾಯ ಆಗುತ್ತೆ ಕಣಮ್ಮ" ಎಂದರು ಮಂತ್ರಿಗಳು, ಬಹಳ ನೊಂದುಕೊಂಡು.

ಮರಳಿನ ಮೇಲೆ ಯಾರ ಮಜ್ಜಿಗೆಯೂ ಚೆಲ್ಲಲಿಲ್ಲ. ಎಲ್ಲರೂ ಸಮ. ಎಲ್ಲರೂ ಸಮವಾದರೆ ಏನು ಮಾಡುತ್ತಾರೆ? ಮಂತ್ರಿಗಳ ಭಾವಮೈದ ಪಂಪಣ್ಣನನ್ನು ಆರಿಸುತ್ತಾರೆ.

ದುರುಗವ್ವನಿಗೆ ಅಳಬೇಕೋ, ಹುಟ್ಟು ತೆಗೆದುಕೊಂಡು ನಾಲ್ಕು ಬಾರಿಸಬೇಕೋ ತಿಳಿಯಲಿಲ್ಲ. ದಡದಲ್ಲಿ ನಿಂತು ನೋಡುತ್ತಿದ್ದ ದೊರೆಯ ಕಡೆ ತಿರುಗಿದಳು.

"ಆಗಲಿ ಬುದ್ದೀ. ಆರಿಸಿದವರೇ ಮೊದಲು ದಾಟಲಿ. ಪಂಪಣ್ಣ ಅರಮನೆಯ ಹರಿಗೋಲು ಇಳಿಸಲಿ, ನಾನು ನನ್ನ ಗಂಡನ ಹಳೇದು ಇಳಿಸ್ತೀನಿ. ಯಾರು ಯಾವುದಕ್ಕೆ ಹತ್ತುತ್ತಾರೋ ಅವರಿಷ್ಟ."

ದೊರೆ ನಕ್ಕು, "ಹತ್ತಿ" ಎಂದ.

ಜೋಯಿಸರು ಹೊಳೆ ನೋಡಿದರು, ಪಂಪಣ್ಣನನ್ನು ನೋಡಿದರು, ದುರುಗವ್ವನ ಹರಿಗೋಲು ಹತ್ತಿದರು. ಶಾನುಭೋಗರು ಹೊಳೆ ನೋಡಿದರು, ಪಂಪಣ್ಣನನ್ನು ನೋಡಿದರು, ದುರುಗವ್ವನ ಹರಿಗೋಲು ಹತ್ತಿದರು. ಮಂತ್ರಿಗಳು ಪಂಪಣ್ಣನನ್ನು ನೋಡಲೇ ಇಲ್ಲ. ಪಂಚೆ ಎತ್ತಿಕೊಂಡು ಓಡಿಬಂದು ಹತ್ತಿದರು.

ದುರುಗವ್ವ ಇನ್ನೇನು ಹುಟ್ಟು ಎತ್ತಬೇಕು, ಹಿಂದಿನಿಂದ ಪಂಪಣ್ಣನ ದನಿ:

"ದುರುಗಕ್ಕಾ, ನನಗೂ ಒಂಚೂರು ಜಾಗ ಮಾಡು. ನನಗೆ ಈಜು ಬರಲ್ಲ."

ಕೆಲಸ ದುರುಗವ್ವನದಾಯಿತು. ಅವರೆಲ್ಲ ಆ ದಡ ಸೇರಿದರು, ನಾವು ಈ ದಡದಲ್ಲಿ ಉಳಿದೆವು. ಕತೆಯನ್ನು ಹೊಳೆಗೆ ಬಿಟ್ಟೆ, ನೀವು ಮನೆಗೆ ನಡೆಯಿರಿ.